ಕ್ರೂಸ್ ಬುಕಿಂಗ್ ಬದಲಾಯಿಸುವ ಮುಂಚೆ ಹೊಸ ಬಿಲ್ ಕೇಳಿ ತರಿಸಿಕೊಳ್ಳಿ

ಬಾರ್ಸಿಲೋನಾದಲ್ಲಿ ಹಡಗು ಹತ್ತಿ ಮಾರ್ಸೇ, ಜಿನೋವಾ, ರೋಮ್‌ಗೆ ಹತ್ತಿರದ ಚಿವಿತಾವೆಕ್ಯಾ, ನೇಪಲ್ಸ್ ನೋಡಿಕೊಂಡು ಮತ್ತೆ ಬಾರ್ಸಿಲೋನಾಕ್ಕೇ ಬಂದಿಳಿಯುವ ಪ್ರವಾಸ ನಮ್ಮದು. ಬುಕ್ ಮಾಡಿದ್ದು ಐದು ಜನಕ್ಕೆ. ಹೋಗಿ ಬಂದವರು ನಾಲ್ಕು ಜನ. ತಾರೀಕು ಕೂಡ ಮೊದಲು ಗೊತ್ತು ಮಾಡಿದ್ದಲ್ಲ. ಹಡಗಿನ ಮೇಲಿನ ದಿನಗಳು ತುಂಬಾ ಚೆನ್ನಾಗಿದ್ದವು, ಅಮ್ಮನಂತೂ ಬೆಳಿಗ್ಗೆ ಎದ್ದರೆ ಡೆಕ್ ಬಿಟ್ಟು ಬರುತ್ತಿರಲಿಲ್ಲ. ಆ ಊರುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬುಕಿಂಗ್ ಬದಲಾಯಿಸಿದಾಗ ಬಿದ್ದ ಖರ್ಚಿನ ಬಗ್ಗೆ ಹೇಳುತ್ತೇನೆ. ಇದನ್ನು ನಮಗೆ ಮೊದಲೇ ಯಾರೂ ಬಿಡಿಸಿ ಹೇಳಿರಲಿಲ್ಲ.

ನಾವು ತೆಗೆದುಕೊಂಡಿದ್ದು ಎರಡು ಕ್ಯಾಬಿನ್. ಒಂದರಲ್ಲಿ ಅಕ್ಕ, ಭಾವ, ಅವರ ಮಗಳು. ಇನ್ನೊಂದರಲ್ಲಿ ಅಮ್ಮ ಮತ್ತು ನಾನು. ಡೆಪಾಸಿಟ್ ಅಂತ ಮುಂಗಡ ಕಟ್ಟಿ ಸ್ವಲ್ಪ ದಿನಕ್ಕೆ ಮಗಳ ಪರೀಕ್ಷೆಯ ವೇಳಾಪಟ್ಟಿ ಬದಲಾಯಿತು. ಅದೇ ಹಡಗು, ಅದೇ ದಾರಿ, ಕೆಲವು ವಾರ ಆಮೇಲೆ ಹೊರಡುವುದು ಸಿಕ್ಕರೆ ಸಾಕು ಅಂತ ಏಜೆಂಟ್‌ಗೆ ಫೋನ್ ಮಾಡಿದೆ. "ಬದಲಾಯಿಸಬಹುದು, ತಲೆಗೆ ಇಷ್ಟು ಚೇಂಜ್ ಫೀ ಆಗುತ್ತೆ" ಅಂದರು. ಕೇಳಿದರೆ ದೊಡ್ಡದೇನೂ ಅನ್ನಿಸುವುದಿಲ್ಲ. ನಿಜವಾದ ಖರ್ಚು ಅದರ ಹಿಂದೆ ಇರುತ್ತದೆ.

ಮೊದಲು ಡೆಪಾಸಿಟ್ ವಿಷಯ. ಒಂದೇ ಕ್ಯಾಬಿನ್‌ಗೆ ಎರಡು ದರ ತೋರಿಸುತ್ತಾರೆ. ಒಂದರಲ್ಲಿ ಡೆಪಾಸಿಟ್ ವಾಪಸ್ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ. ವಾಪಸ್ ಬಾರದ ದರ ಕಡಿಮೆ ಇರುವುದರಿಂದ ಕಣ್ಣು ಅದರ ಮೇಲೇ ಹೋಗುತ್ತದೆ. ಆದರೆ ಚೇಂಜ್ ಫೀ ಸಾಮಾನ್ಯವಾಗಿ ಬೀಳುವುದು ಈ ಕಡಿಮೆ ದರದವರಿಗೇ. ಹಡಗು ಅಥವಾ ಹೊರಡುವ ತಾರೀಕು ಬದಲಾದರೆ ತಲೆಗೆ 100 ಡಾಲರ್ ಹಿಡಿಯುವ ಕಂಪನಿಗಳಿವೆ. ಇದು ಕ್ಯಾಬಿನ್ ಲೆಕ್ಕ ಅಲ್ಲ, ತಲೆ ಲೆಕ್ಕ. ಐದು ಜನ ಇದ್ದರೆ ಐದು ಪಟ್ಟು. ಮನೆಯಲ್ಲಿ ಪರೀಕ್ಷೆಗೆ ಕೂರುವ ಮಕ್ಕಳೋ ರಜೆ ಇನ್ನೂ ಖಾತ್ರಿ ಆಗದವರೋ ಇದ್ದರೆ, ಜಾಸ್ತಿ ಕೊಟ್ಟಾದರೂ ವಾಪಸ್ ಬರುವ ಡೆಪಾಸಿಟ್ ತೆಗೆದುಕೊಳ್ಳುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಈಗ ಹೊಸ ಬಿಲ್‌ಗೆ ಬರೋಣ. ಹಳೆಯದನ್ನೂ ಹೊಸದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಕ ಒಂದೊಂದೇ ಸಾಲು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದಳು. ಕ್ಯಾಬಿನ್ ದರದ ಸಾಲಿನಲ್ಲಿ ಅಂಕಿ ಏರಿತ್ತು. ಟ್ಯಾಕ್ಸ್ ಮತ್ತು ಬಂದರು ಶುಲ್ಕ ಹೆಚ್ಚುಕಮ್ಮಿ ಅಷ್ಟೇ ಇತ್ತು. ಹಳೆಯ ಬಿಲ್‌ನಲ್ಲಿ ಕೆಳಗೆ ಎರಡು ಸಾಲು ಇದ್ದವು. ಒಂದು ಪಾನೀಯಗಳ ಪ್ಯಾಕೇಜ್, ಬೆಲೆ ಸೊನ್ನೆ. ಇನ್ನೊಂದು ಹಡಗಿನಲ್ಲಿ ಖರ್ಚು ಮಾಡಲು ಕೊಟ್ಟಿದ್ದ ಆನ್‌ಬೋರ್ಡ್ ಕ್ರೆಡಿಟ್. ಹೊಸ ಬಿಲ್‌ನಲ್ಲಿ ಆ ಎರಡೂ ಸಾಲು ಇರಲೇ ಇಲ್ಲ. ಏಜೆಂಟ್ ಫೋನಿನಲ್ಲಿ ಇದರ ಮಾತೇ ಎತ್ತಿರಲಿಲ್ಲ.

ಹೀಗೆ ಯಾಕೆ ಆಗುತ್ತದೆ ಅಂತ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ನಾವು ತಾರೀಕು ಮುಂದಕ್ಕೆ ಹಾಕಿದೆವು ಅಂತ ಹೇಳುತ್ತೇವೆ. ಕಂಪನಿಯ ಲೆಕ್ಕದಲ್ಲಿ ಹಳೆಯ ಬುಕಿಂಗ್ ಮುಗಿಯಿತು, ಹೊಸದು ಶುರುವಾಯಿತು. ಹೊಸದಕ್ಕೆ ಅವತ್ತಿನ ದರ, ಅವತ್ತಿನ ಆಫರ್. ಮುಂಚೆ ಬುಕ್ ಮಾಡಿ ಹಿಡಿದಿಟ್ಟ ದರ ಕೈಬಿಟ್ಟು ಹೋಗುತ್ತದೆ. ಹೊಸ ತಾರೀಕು ಶಾಲೆ ರಜೆಯಲ್ಲಿ ಬಿದ್ದರೆ ದರ ಇನ್ನೂ ಏರುತ್ತದೆ. ಹಡಗಿನ ಮೂಲಕ ಮೊದಲೇ ಕೊಂಡ ವೈಫೈ, ಬಂದರಿನ ಸುತ್ತಾಟ ಇವುಗಳ ದುಡ್ಡು ಸಾಮಾನ್ಯವಾಗಿ ವಾಪಸ್ ಬರುತ್ತದೆ, ಆದರೆ ಮತ್ತೆ ಕೊಳ್ಳುವಾಗ ಈಗಿನ ಬೆಲೆಗೇ ಕೊಳ್ಳಬೇಕು.

ಏಜೆಂಟ್ ಮೂಲಕ ಬುಕ್ ಮಾಡಿದವರಿಗೆ ಇನ್ನೊಂದು ಪದರ. ಕಂಪನಿಯ ಫೀ ಬೇರೆ, ಏಜೆಂಟ್‌ನವರ ಸರ್ವೀಸ್ ಫೀ ಬೇರೆ. ನಮಗೆ ಎರಡೂ ಬಿತ್ತು. ನೇರವಾಗಿ ಕಂಪನಿಗೇ ಫೋನ್ ಮಾಡಿ ಬದಲಾಯಿಸಿಕೊಳ್ಳೋಣ ಅಂದರೆ, ಏಜೆಂಟ್ ಹೆಸರಿನಲ್ಲಿರುವ ಬುಕಿಂಗ್ ಅನ್ನು ಕಂಪನಿಯವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಳ್ಳೆಯ ಏಜೆಂಟ್ ಸಿಕ್ಕರೆ ಕ್ಯಾಬಿನ್ ಆಯ್ಕೆಗೆ, ದರ ಇಳಿಸಿಕೊಡುವುದಕ್ಕೆ ಬಹಳ ಸಹಾಯ ಆಗುತ್ತದೆ, ಅದನ್ನು ಇಲ್ಲ ಅನ್ನುವುದಿಲ್ಲ. ಡೆಪಾಸಿಟ್ ಕಟ್ಟುವ ಮುಂಚೆಯೇ "ಬದಲಾಯಿಸಿದರೆ, ರದ್ದು ಮಾಡಿದರೆ ನಿಮ್ಮ ಕಡೆಯಿಂದ ಎಷ್ಟು?" ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ನಮಗೆ ಹೆಚ್ಚು ನೋವಾದದ್ದು ಎರಡನೇ ಬದಲಾವಣೆಯಲ್ಲಿ. ಹೊಸ ತಾರೀಕಿಗೆ ಭಾವನಿಗೆ ರಜೆ ಸಿಗಲಿಲ್ಲ. ಪೂರ್ತಿ ದುಡ್ಡು ಕಟ್ಟುವ ಗಡುವು ಇನ್ನೂ ದೂರ ಇತ್ತು. "ನನ್ನ ಹೆಸರು ತೆಗೆಸಿಬಿಡಿ, ನನ್ನ ಪಾಲಿನ ದುಡ್ಡಾದರೂ ಉಳಿಯಲಿ" ಅಂದರು ಭಾವ. ಉಳಿದದ್ದು ಅವರ ಪಾಲಿಗಿಂತ ತುಂಬಾ ಕಡಿಮೆ. ಕ್ರೂಸ್‌ನಲ್ಲಿ ದರ ಹಾಕುವುದು ಒಂದು ಕ್ಯಾಬಿನ್‌ಗೆ ಇಬ್ಬರು ಅನ್ನುವ ಲೆಕ್ಕದ ಮೇಲೆ. ಮೊದಲ ಇಬ್ಬರಿಗೆ ಪೂರ್ತಿ ದರ. ಅದೇ ಕ್ಯಾಬಿನ್‌ನಲ್ಲಿ ಮಲಗುವ ಮೂರನೆಯವರಿಗೆ, ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಡಿಮೆ. ಅಕ್ಕನ ಮಗಳು ಮೂರನೆಯವಳಾಗಿ ಕಡಿಮೆ ದರದಲ್ಲಿದ್ದಳು. ಭಾವನ ಹೆಸರು ತೆಗೆದ ತಕ್ಷಣ ಅವಳು ಎರಡನೇ ಜಾಗಕ್ಕೆ ಬಂದಳು, ಅವಳಿಗೆ ಪೂರ್ತಿ ದರ ಹತ್ತಿತು. ಲೆಕ್ಕ ಮಾಡಿ ನೋಡಿದರೆ ಬಿಲ್‌ನಿಂದ ಇಳಿದದ್ದು ಮೂರನೆಯವರ ಸಣ್ಣ ದರ, ಜೊತೆಗೆ ಒಬ್ಬರ ಟ್ಯಾಕ್ಸ್ ಮತ್ತು ಬಂದರು ಶುಲ್ಕ, ಅಷ್ಟೇ. ಭಾವ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಎಲ್ಲರೂ ಹೋಗಲಿ ಅಂತ ತಾವೇ ಹಿಂದೆ ಉಳಿದವರು ಅವರು, ಅದಕ್ಕೇ ನನಗೆ ಇವತ್ತಿಗೂ ಬೇಜಾರು.

ಇದೇ ಲೆಕ್ಕ ಅಮ್ಮನ ಕ್ಯಾಬಿನ್‌ನಲ್ಲಿ ಆಗಿದ್ದರೆ ಇನ್ನೂ ಕಷ್ಟ. ನಾನು ಹಿಂದೆ ಸರಿದಿದ್ದರೆ ಅಮ್ಮ ಒಬ್ಬರೇ ಆಗುತ್ತಿದ್ದರು. ಒಬ್ಬರೇ ಇರುವ ಕ್ಯಾಬಿನ್‌ಗೆ ಹೆಚ್ಚಿನ ಹಡಗುಗಳಲ್ಲಿ ಸಿಂಗಲ್ ಸಪ್ಲಿಮೆಂಟ್ ಹಾಕುತ್ತಾರೆ, ಅದು ಇನ್ನೊಬ್ಬರ ಪೂರ್ತಿ ದರದಷ್ಟೇ ಆಗುವುದೂ ಉಂಟು. ಅಂದರೆ ಒಬ್ಬರು ಬಿಟ್ಟರೂ ಇಬ್ಬರ ದುಡ್ಡು. ಹಾಗಾಗಿ ಯಾರು ಯಾವ ಕ್ಯಾಬಿನ್ ಅಂತ ಹಂಚುವಾಗಲೇ, ಬರುವುದು ಅನುಮಾನ ಇರುವವರನ್ನು ಮೂರನೆಯವರೋ ನಾಲ್ಕನೆಯವರೋ ಇರುವ ಕ್ಯಾಬಿನ್‌ಗೆ ಹಾಕಿ. ಇಬ್ಬರೇ ಇರುವ ಕ್ಯಾಬಿನ್‌ಗೆ ಖಂಡಿತ ಬರುವವರನ್ನೇ ಹಾಕಿ.

ಭಾವನ ಬದಲು ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಬಹುದಾ ಅಂತಲೂ ಕೇಳಿದೆವು. ಪಾಸ್‌ಪೋರ್ಟ್‌ನಲ್ಲಿರುವಂತೆ ಅಕ್ಷರ ತಿದ್ದುವುದು ಬೇರೆ, ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ಹಾಕುವುದು ಬೇರೆ. ಮೊದಲನೆಯದು ಬೇಗ ಹೇಳಿದರೆ ಸಾಮಾನ್ಯವಾಗಿ ಸುಲಭ. ಎರಡನೆಯದಕ್ಕೆ ಮೂಲ ಬುಕಿಂಗ್‌ನ ಒಬ್ಬರಾದರೂ ಆ ಕ್ಯಾಬಿನ್‌ನಲ್ಲಿ ಉಳಿಯಬೇಕು ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ, ಹೊರಡುವ ದಿನ ಹತ್ತಿರ ಬಂದ ಮೇಲೆ ಫೀ ಕೂಡ ಬೀಳಬಹುದು. ಯುರೋಪಿಯನ್ ಯೂನಿಯನ್‌ನಲ್ಲಿ ಪ್ಯಾಕೇಜ್ ಪ್ರವಾಸ (ಪ್ರಯಾಣ, ವಸತಿ ಇಂಥವನ್ನು ಸೇರಿಸಿ ಒಟ್ಟಿಗೆ ಮಾರುವುದು) ಕೊಂಡವರಿಗೆ ಇಲ್ಲಿ ಕಾನೂನಿನ ಬೆಂಬಲ ಇದೆ. 2015ರಲ್ಲಿ ತಂದು 2018ರ ಜುಲೈನಿಂದ ಜಾರಿಯಾದ ಪ್ಯಾಕೇಜ್ ಪ್ರವಾಸದ ನಿಯಮದ ಪ್ರಕಾರ, ಹೊರಡುವ 7 ದಿನ ಮುಂಚೆ ತಿಳಿಸಿದರೂ ತಮ್ಮ ಜಾಗವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಕಂಪನಿ ನಿಜವಾಗಿ ತಗುಲಿದ ಖರ್ಚನ್ನಷ್ಟೇ ಕೇಳಬಹುದು, ಅದಕ್ಕೆ ದಾಖಲೆಯನ್ನೂ ಕೊಡಬೇಕು. ಬುಕ್ ಮಾಡಿದ ಮೇಲೆ ಕಂಪನಿಯೇ ಬೆಲೆಯನ್ನು 8 ಶೇಕಡಕ್ಕಿಂತ ಜಾಸ್ತಿ ಏರಿಸಿದರೆ ಫೀ ಕೊಡದೆ ರದ್ದು ಮಾಡುವ ಹಕ್ಕೂ ಅದರಲ್ಲಿದೆ. ನಿಮ್ಮ ಬುಕಿಂಗ್ ಯಾವ ದೇಶದ ಕಾನೂನಿಗೆ ಬರುತ್ತದೆ ಅಂತ ಷರತ್ತುಗಳ ಪುಟದಲ್ಲಿ ಬರೆದಿರುತ್ತದೆ, ನೋಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ತಾರೀಕು ಒಂದಿದೆ, ಫೈನಲ್ ಪೇಮೆಂಟ್ ತಾರೀಕು, ಅಂದರೆ ಪೂರ್ತಿ ದುಡ್ಡು ಕಟ್ಟುವ ಗಡುವು. ಹಡಗು ಹೊರಡುವ ಸುಮಾರು 75ರಿಂದ 120 ದಿನ ಮುಂಚೆ ಇರುತ್ತದೆ, ಚಿಕ್ಕ ಪ್ರವಾಸಕ್ಕೆ ಕಡಿಮೆ ದಿನ, ಉದ್ದದ ಪ್ರವಾಸಕ್ಕೆ ಜಾಸ್ತಿ. ಅಲ್ಲಿಯವರೆಗೆ ಬದಲಾವಣೆಗೆ ಫೀ, ದರದ ವ್ಯತ್ಯಾಸ ಇಷ್ಟೇ. ಅದು ದಾಟಿದ ಮೇಲೆ ತಾರೀಕು ಬದಲಾಯಿಸಿದರೂ ರದ್ದು ಮಾಡಿದ ಹಾಗೇ ಲೆಕ್ಕ. ಮೊದಲು ಕಾಲುಭಾಗವೋ ಅರ್ಧವೋ ಹೋಗುತ್ತದೆ, ಆಮೇಲೆ ಮುಕ್ಕಾಲು, ಕೊನೆಯ ಕೆಲವು ವಾರಗಳಲ್ಲಿ ಪೂರ್ತಿ. ಈ ತಾರೀಕನ್ನು ಮನೆಯವರೆಲ್ಲರ ಫೋನಿನಲ್ಲಿ ಹಾಕಿಡಿ. ಹದಿನೈದು ದಿನ ಮುಂಚೆ ಒಂದು ಸಲ ಎಲ್ಲರೂ ಕೂತು, ಯಾರು ಬರುತ್ತಾರೆ, ಯಾರಿಗೆ ಅನುಮಾನ ಅಂತ ಬಾಯಿಬಿಟ್ಟು ಮಾತಾಡಿಕೊಳ್ಳಿ.

ಹಡಗಿನ ಹೊರಗಿನ ಖರ್ಚುಗಳೂ ಜೊತೆಗೇ ಬರುತ್ತವೆ. ವಿಮಾನದ ಟಿಕೆಟ್, ಹತ್ತುವ ಹಿಂದಿನ ರಾತ್ರಿಯ ಹೋಟೆಲ್, ನೇಪಲ್ಸ್‌ನಲ್ಲಿ ನಾವೇ ಹೊರಗೆ ಬುಕ್ ಮಾಡಿದ್ದ ಪಾಂಪೇ ಗೈಡ್, ಎಲ್ಲಕ್ಕೂ ಅವರವರ ನಿಯಮ. ವೀಸಾ ಬೇಕಾದವರು ಅದರ ತಾರೀಕಿನೊಳಗೆ ಹೊಸ ಪ್ರವಾಸ ಕೂರುತ್ತದಾ ನೋಡಬೇಕು. ಹೊಸ ದಾರಿ ಮಧ್ಯದಲ್ಲಿ ಟರ್ಕಿಗೋ ಟ್ಯುನೀಷಿಯಾಕ್ಕೋ ಹೋಗಿ ಬರುವುದಾದರೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ, ಇವೆರಡೂ ಅದರ ಹೊರಗೆ) ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವಂಥದ್ದೇ ಇರಬೇಕು. ಇನ್ಶೂರೆನ್ಸ್‌ನವರಿಗೆ ಹೊಸ ತಾರೀಕು ತಿಳಿಸದಿದ್ದರೆ ಪಾಲಿಸಿ ಇದ್ದೂ ಇಲ್ಲದ ಹಾಗೆ. ಸಾಮಾನ್ಯ ಪಾಲಿಸಿಗಳು ಕಾಯಿಲೆ, ಅಪಘಾತದಂಥ ಹೆಸರಿಸಿದ ಕಾರಣಗಳಿಗೆ ಮಾತ್ರ ಹಣ ಕೊಡುತ್ತವೆ. ರಜೆ ಸಿಗಲಿಲ್ಲ, ಪರೀಕ್ಷೆ ಮುಂದೆ ಹೋಯಿತು ಅಂದರೆ ಹೆಚ್ಚಿನವು ಕೊಡುವುದಿಲ್ಲ. ಯಾವ ಕಾರಣಕ್ಕಾದರೂ ರದ್ದು ಮಾಡಬಹುದು ಅನ್ನುವ ಪಾಲಿಸಿ ಕೆಲವು ದೇಶಗಳಲ್ಲಿ ಸಿಗುತ್ತದೆ. ಅದು ಸಾಮಾನ್ಯವಾಗಿ ಖರ್ಚಿನ 50ರಿಂದ 75 ಶೇಕಡ ಮಾತ್ರ ತುಂಬಿಕೊಡುತ್ತದೆ, ಮೊದಲ ಡೆಪಾಸಿಟ್ ಕಟ್ಟಿದ ಎರಡು ಮೂರು ವಾರದೊಳಗೇ ಕೊಳ್ಳಬೇಕು.

ಬೇರೆ ದೇಶದ ಹಣದಲ್ಲಿ ಕಾರ್ಡ್ ಉಜ್ಜಿದವರಿಗೆ ಒಂದು ಮಾತು. ಕಟ್ಟಿದ ದಿನದ ವಿನಿಮಯ ದರ ಬೇರೆ, ರೀಫಂಡ್ ಬಂದ ದಿನದ್ದು ಬೇರೆ. ವ್ಯತ್ಯಾಸ ನಮ್ಮ ತಲೆ ಮೇಲೇ. ರೀಫಂಡ್ ಬದಲು ಮುಂದಿನ ಪ್ರವಾಸಕ್ಕೆ ಕ್ರೆಡಿಟ್ ಕೊಡುತ್ತೇವೆ ಅಂದರೆ ಅದರ ಕೊನೆಯ ತಾರೀಕು ಯಾವುದು, ಬೇರೆಯವರ ಹೆಸರಿಗೆ ಬಳಸಬಹುದಾ, ಟ್ಯಾಕ್ಸ್‌ಗೂ ಸಲ್ಲುತ್ತದಾ ಅಂತ ಕೇಳಿಯೇ ಒಪ್ಪಿ.

ಅಮೆರಿಕದ ಕಡೆ ಹೋಗುವವರು ಇನ್ನೊಂದು ತಿಳಿದಿರಲಿ. 1886ರ ಹಳೆಯ ಕಾನೂನೊಂದರ ಪ್ರಕಾರ ವಿದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು, ದೂರದ ವಿದೇಶಿ ಬಂದರು ಮುಟ್ಟದೆ, ಅಮೆರಿಕದ ಬೇರೆ ಬಂದರಿನಲ್ಲಿ ಇಳಿಸುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ವಿದೇಶಿ ನೋಂದಣಿಯವೇ. ಸಿಯಾಟಲ್‌ನಲ್ಲಿ ಹತ್ತಿ ಅಲಾಸ್ಕಾದ ಜುನೋನಲ್ಲೇ ಇಳಿದುಬಿಡುತ್ತೇವೆ ಅಂತ ಮಧ್ಯದಲ್ಲಿ ಯೋಜನೆ ಬದಲಾಯಿಸಿದರೆ ತಲೆಗೆ ದಂಡ ಬೀಳುತ್ತದೆ, ಕಂಪನಿ ಅದನ್ನು ಪ್ರಯಾಣಿಕರಿಂದಲೇ ವಸೂಲಿ ಮಾಡುತ್ತದೆ. ಮಧ್ಯದಲ್ಲಿ ಹತ್ತುವುದು, ಇಳಿಯುವುದು ಇದ್ದರೆ ಮೊದಲೇ ಕಂಪನಿಯ ಒಪ್ಪಿಗೆ ಪಡೆಯಿರಿ.

ಬದಲಾಯಿಸಲೇಬೇಕು ಅಂತಾದರೆ ಫೋನಿನಲ್ಲಿ "ಸರಿ, ಮಾಡಿ" ಅನ್ನಬೇಡಿ. "ಬದಲಾಯಿಸಿದ ಮೇಲೆ ಒಟ್ಟು ಎಷ್ಟಾಗುತ್ತೆ, ಸಾಲು ಸಾಲಾಗಿ ಕಳಿಸಿ, ನೋಡಿ ಹೇಳುತ್ತೇವೆ" ಅನ್ನಿ. ಒಮ್ಮೆ ಬದಲಾಯಿಸಿದ ಮೇಲೆ ಹಳೆಯ ದರ ಮತ್ತೆ ಸಿಗುವುದು ಕಷ್ಟ, ಹಳೆಯ ಕ್ಯಾಬಿನ್ ಅಷ್ಟರಲ್ಲಿ ಬೇರೆಯವರ ಪಾಲಾಗಿರಬಹುದು. ಕಳಿಸಿದ ಅಂದಾಜು ಎಷ್ಟು ಹೊತ್ತಿನ ತನಕ ಊರ್ಜಿತ ಅಂತಲೂ ಕೇಳಿ. ಆಫರ್‌ನಲ್ಲಿ ಬಂದ ಒಂದೊಂದು ವಸ್ತುವಿನ ಹೆಸರು ಹೇಳಿ, "ಇದು ಉಳಿಯುತ್ತಾ?" ಅಂತ ಕೇಳಿ. ಅಕ್ಕ ಎರಡನೇ ಸಲ ಹೀಗೆ ಕೇಳಿದ್ದಕ್ಕೇ ನಮಗೆ ಆನ್‌ಬೋರ್ಡ್ ಕ್ರೆಡಿಟ್‌ನಲ್ಲಿ ಸ್ವಲ್ಪ ವಾಪಸ್ ಹಾಕಿಕೊಟ್ಟರು.

ದರ ಇಳಿಯುವುದೂ ಉಂಟು, ಆಗ ಅವತ್ತಿನ ದರ ಅನ್ನುವ ಇದೇ ನಿಯಮ ನಿಮಗೆ ಅನುಕೂಲ. ಫೈನಲ್ ಪೇಮೆಂಟ್‌ಗೆ ಮುಂಚೆ ಅದೇ ಹಡಗು, ಅದೇ ತಾರೀಕು, ಅದೇ ದರ್ಜೆಯ ಕ್ಯಾಬಿನ್‌ನ ಬೆಲೆ ಕಡಿಮೆಯಾದರೆ ಹೊಸ ಬೆಲೆಗೆ ಹಾಕಿಕೊಡಿ ಅಂತ ಕೇಳಬಹುದು, ಹಲವು ಕಂಪನಿಗಳು ಒಪ್ಪುತ್ತವೆ. ಆಗಲೂ ಹಳೆಯ ಆಫರ್ ಏನು ಕಳೆದುಕೊಳ್ಳುತ್ತೇವೆ ಅಂತ ತೂಗಿ ನೋಡಿ. ವಾರಕ್ಕೊಮ್ಮೆ ದರ ನೋಡಿ, ಇಳಿದದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಅವತ್ತೇ ಏಜೆಂಟ್‌ಗೆ ಕಳಿಸಿ. ಮರುದಿನಕ್ಕೆ ಆ ದರ ಇರುತ್ತದೆ ಅಂತ ಹೇಳಲಾಗುವುದಿಲ್ಲ.