ಚಾಂಗಿಯಲ್ಲಿ ಒಂದು ರಾತ್ರಿ: ಹಾಸನ, ಚಿಕ್ಕಮಗಳೂರಿನಿಂದ ಆಸ್ಟ್ರೇಲಿಯಾಕ್ಕೆ ಹೊರಟವರಿಗೆ

ಮಗನನ್ನೋ ಮಗಳನ್ನೋ ನೋಡಲು ಹಾಸನ, ಚಿಕ್ಕಮಗಳೂರು ಕಡೆಯಿಂದ ಸಿಡ್ನಿ, ಮೆಲ್ಬರ್ನ್‌ಗೆ ಹೋಗುವ ಹಿರಿಯರಲ್ಲಿ ಹಲವರ ದಾರಿ ಸಿಂಗಪುರದ ಮೇಲೆ. ಬೆಂಗಳೂರಿನಿಂದ ಬೆಳಗಿನ ವಿಮಾನ ಹಿಡಿದರೆ ಸಂಜೆ ಚಾಂಗಿ ನಿಲ್ದಾಣ. ಮುಂದಿನ ವಿಮಾನ ಮಾರನೆಯ ಬೆಳಗ್ಗೆ ಎಂದಾದರೆ ಹತ್ತು ಹನ್ನೆರಡು ಗಂಟೆ ಅಲ್ಲೇ ಕಳೆಯಬೇಕು. ಅಷ್ಟು ಹೊತ್ತಿನಲ್ಲಿ ಊರು ಸುತ್ತಿ ಬರಬಹುದಲ್ಲ ಎಂಬ ಆಸೆ ಸಹಜ. ಆದರೆ ಮೊದಲು ಲೆಕ್ಕ ಹಾಕಬೇಕಾದದ್ದು ನಿದ್ದೆಯನ್ನು.

ಹಾಸನದಿಂದ ದೇವನಹಳ್ಳಿಗೆ ಸುಮಾರು 200 ಕಿ.ಮೀ. ಚಿಕ್ಕಮಗಳೂರಿನಿಂದ 250 ದಾಟುತ್ತದೆ. ಬೆಳಗ್ಗೆ 10ರ ವಿಮಾನಕ್ಕೆ 7ಕ್ಕೇ ಟರ್ಮಿನಲ್ 2ರಲ್ಲಿರಬೇಕು. ವಿದೇಶಿ ವಿಮಾನಗಳೆಲ್ಲ ಹೊರಡುವುದು ಅಲ್ಲಿಂದಲೇ. ಅಂದರೆ ಹಾಸನವನ್ನು ರಾತ್ರಿ 2ರೊಳಗೆ, ಚಿಕ್ಕಮಗಳೂರನ್ನು 12.30ರೊಳಗೆ ಬಿಡಬೇಕು. ಸ್ವಂತ ಕಾರಾದರೆ ನೆಲಮಂಗಲದಿಂದ ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರಿನ ಒಳಗೆ ನುಗ್ಗುವ ಕಷ್ಟ ತಪ್ಪುತ್ತದೆ. ಬಸ್ಸಿನವರು ಮೆಜೆಸ್ಟಿಕ್‌ನಲ್ಲಿ ಇಳಿದು ವಿಮಾನ ನಿಲ್ದಾಣದ ವಾಯುವಜ್ರ ಬಸ್ ಹತ್ತಬೇಕು. ಹೇಗೇ ಹೋದರೂ ಆ ರಾತ್ರಿಯ ನಿದ್ದೆ ಹೋಯಿತು. ಹಾಗಾಗಿ ಸಿಂಗಪುರದ ರಾತ್ರಿ ನಿಮಗೆ ನಿದ್ದೆಯಿಲ್ಲದ ಎರಡನೆಯ ರಾತ್ರಿ ಆಗಬಾರದು. ಅರವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ ಇರುವವರು ಊರು ನೋಡುವ ಯೋಚನೆ ಬಿಟ್ಟು, ಒಳಗೇ ಮಲಗುವ ಏರ್ಪಾಡು ಮಾಡಿಕೊಳ್ಳುವುದೇ ಸರಿ.

ಟಿಕೆಟ್ ಮಾಡಿಸುವಾಗಲೇ ನೋಡಬೇಕಾದ ಒಂದು ವಿಷಯವಿದೆ. ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿರಬೇಕು. ನಾಲ್ಕು ಕಾಸು ಉಳಿಯುತ್ತದೆಂದು ಬೆಂಗಳೂರು–ಸಿಂಗಪುರ ಒಂದು ಟಿಕೆಟ್, ಸಿಂಗಪುರ–ಸಿಡ್ನಿ ಇನ್ನೊಂದು ಎಂದು ಕೊಂಡರೆ ಲಗೇಜ್ ಸಿಂಗಪುರದಲ್ಲೇ ಇಳಿಯುವ ಸಂಭವ ಹೆಚ್ಚು. ಅದನ್ನು ತೆಗೆದುಕೊಳ್ಳಲು ಇಮಿಗ್ರೇಷನ್ (ಪಾಸ್‌ಪೋರ್ಟ್ ತಪಾಸಣೆ) ದಾಟಿ ಹೊರಗೆ ಹೋಗಬೇಕು, ಹೊರಗೆ ಹೋಗಲು ಸಿಂಗಪುರದ ವೀಸಾ ಅಥವಾ ಮುಂದೆ ಹೇಳಿರುವ ವೀಸಾರಹಿತ ಪ್ರವೇಶದ ಅನುಮತಿ ಬೇಕು. ಒಂದೇ ಬುಕಿಂಗ್ ಇದ್ದರೂ ಬೆಂಗಳೂರಿನ ಕೌಂಟರಿನಲ್ಲಿ ಲಗೇಜ್ ಟ್ಯಾಗನ್ನು ಕಣ್ಣಾರೆ ಓದಿ: ಸಿಡ್ನಿಗಾದರೆ ಎಸ್‌ವೈಡಿ (SYD), ಮೆಲ್ಬರ್ನ್‌ಗಾದರೆ ಎಂಇಎಲ್ (MEL) ಕೊನೆಯ ಸಂಕೇತವಾಗಿರಬೇಕು. ಸಿಂಗಪುರದ ಸಂಕೇತವಾದ ಎಸ್‌ಐಎನ್ (SIN) ಎಂದು ಮುಗಿದಿದ್ದರೆ ಅಲ್ಲೇ ನಿಂತು ಕೇಳಿ. ಎರಡನೆಯ ಬೋರ್ಡಿಂಗ್ ಪಾಸನ್ನೂ ಅಲ್ಲೇ ಪಡೆಯಿರಿ. ಪೆಟ್ಟಿಗೆ ಮಾರನೆಯ ದಿನದವರೆಗೆ ಕೈಗೆ ಸಿಗುವುದಿಲ್ಲವಾದ್ದರಿಂದ ಎರಡು ದಿನದ ಮಾತ್ರೆ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ, ಶಾಲು, ಟೂತ್‌ಪೇಸ್ಟ್ ಹ್ಯಾಂಡ್ ಬ್ಯಾಗ್‌ನಲ್ಲಿರಲಿ. ಶಾಲು ಮರೆಯಬೇಡಿ, ಏಸಿ ರಾತ್ರಿಯೆಲ್ಲ ಕೊರೆಯುತ್ತದೆ.

ನಮ್ಮ ಕಡೆಯವರು ಕಟ್ಟಿಕೊಳ್ಳುವ ಸಾಮಾನಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಅರಸೀಕೆರೆಯ ಕೊಬ್ಬರಿ ಎಷ್ಟೇ ಚೆನ್ನಾಗಿರಲಿ, ಕೈಚೀಲಕ್ಕೂ ಬೇಡ, ಪೆಟ್ಟಿಗೆಗೂ ಬೇಡ. ಎಣ್ಣೆಯಂಶ ಹೆಚ್ಚಿರುವುದರಿಂದ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ಗಸಗಸೆಗೆ ಸಿಂಗಪುರದಲ್ಲಿ ನಿಷೇಧವಿದೆ, ಸಾರಿನ ಪುಡಿಗೆ ಸೇರಿಸುವ ಅಭ್ಯಾಸವಿದ್ದರೆ ಈ ಸಲ ಬಿಡಿ. ಉಪ್ಪಿನಕಾಯಿ, ತುಪ್ಪ, ಮೊಸರನ್ನ ದ್ರವದ ಲೆಕ್ಕಕ್ಕೆ ಬರುವುದರಿಂದ ಸೆಕ್ಯುರಿಟಿಯಲ್ಲಿ ತಡೆಯುತ್ತಾರೆ. ಚಪಾತಿ, ನಿಪ್ಪಟ್ಟು, ಕೋಡುಬಳೆ ಸಲೀಸು. ರಾತ್ರಿ ಊಟಕ್ಕೆ ಅದೇ ಸಾಕು, ಸಸ್ಯಾಹಾರ ಹುಡುಕಿಕೊಂಡು ಕಾಲು ಸವೆಸಬೇಕಿಲ್ಲ. ಚಿಕ್ಕಮಗಳೂರಿನ ಹುರಿದ ಕಾಫಿಪುಡಿ ಒಯ್ಯಬಹುದು, ಹಸಿ ಬೀಜ ಬೇಡ. ಪೇಡದಂಥ ಹಾಲಿನ ಸಿಹಿಯನ್ನು ಆಸ್ಟ್ರೇಲಿಯಾದಲ್ಲಿ ಕಿತ್ತುಕೊಳ್ಳುತ್ತಾರೆ. ಅಲ್ಲಿ ಇಳಿಯುವ ಮುನ್ನ ತುಂಬುವ ಕಾರ್ಡಿನಲ್ಲಿ ಉಳಿದ ತಿಂಡಿಯನ್ನೆಲ್ಲ ನಮೂದಿಸಿ, ಬಚ್ಚಿಟ್ಟರೆ ದಂಡ ಬೀಳುತ್ತದೆ.

ಚಾಂಗಿಯ 1, 2, 3ನೆಯ ಟರ್ಮಿನಲ್‌ಗಳು ಒಳಗಿನಿಂದಲೇ ಕೂಡಿಕೊಂಡಿವೆ. ಅವುಗಳ ನಡುವೆ ಓಡಾಡುವ ಸ್ಕೈಟ್ರೈನ್ ಎಂಬ ಪುಟ್ಟ ರೈಲು ಉಚಿತ. ಅದು ನಡುರಾತ್ರಿ ಕೆಲವು ಗಂಟೆ ನಿಲ್ಲುವುದರಿಂದ ಮುಂದಿನ ವಿಮಾನದ ಟರ್ಮಿನಲ್‌ಗೆ ಮಲಗುವ ಮೊದಲೇ ಹೋಗಿಬಿಡಿ. ಮಂಡಿ ನೋವಿನವರು ಟಿಕೆಟ್ ಜೊತೆಗೇ ವೀಲ್‌ಚೇರ್ ಕೇಳಿಡಲಿ. ಮಲಗಲು ಉಚಿತವಾಗಿ ಒರಗು ಕುರ್ಚಿಗಳಿರುವ ಸ್ನೂಜ್ ಲಾಂಜ್‌ಗಳಿವೆ, ಆದರೆ ರಾತ್ರಿ ಹತ್ತರ ಹೊತ್ತಿಗೆ ತುಂಬಿಹೋಗುತ್ತವೆ. ದುಡ್ಡು ಕೊಡುವ ಮನಸ್ಸಿದ್ದರೆ ಗಂಟೆ ಲೆಕ್ಕದಲ್ಲಿ ಕೋಣೆ ಕೊಡುವ ಟ್ರಾನ್ಸಿಟ್ ಹೋಟೆಲ್‌ಗಳಿವೆ. ಆರು ಗಂಟೆ ಹಿಡಿದರೆ ಸ್ನಾನವೂ ಆಗುತ್ತದೆ. ಎಡವುವುದು ಇಲ್ಲೇ: ನಿಲ್ದಾಣದ್ದೇ ಎಂದು ಕಾಣುವ ಕೆಲವು ಹೋಟೆಲ್‌ಗಳು ಇಮಿಗ್ರೇಷನ್‌ನ ಆಚೆಗಿವೆ. ಹೊರಗೆ ಹೋಗುವ ಅನುಮತಿ ಇಲ್ಲದೆ ಅವನ್ನು ಬುಕ್ ಮಾಡಿದರೆ ಹಣವೂ ಹೋಯಿತು, ಕೋಣೆಯೂ ಇಲ್ಲ. ಟ್ರಾನ್ಸಿಟ್ ಪ್ರದೇಶದೊಳಗೆ, ಅಂದರೆ ಇಮಿಗ್ರೇಷನ್‌ನ ಈಚೆಗೆ, ಎಂದು ಬರೆದಿದ್ದರೆ ಮಾತ್ರ ಕೊಳ್ಳಿ.

ಮೊಬೈಲಿಗೆ ನೆಟ್‌ವರ್ಕ್ ಸಿಗದಿದ್ದರೆ ಅದು ಭಾರತದ ಸಮಯವನ್ನೇ ತೋರಿಸುತ್ತಿರುತ್ತದೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಬೆಳಗ್ಗೆ 6ಕ್ಕೆ ಇಟ್ಟ ಅಲಾರಂ ಅಲ್ಲಿನ 8.30ಕ್ಕೆ ಹೊಡೆದರೆ ವಿಮಾನ ಹೋಗಿರುತ್ತದೆ. ಉಚಿತ ವೈಫೈಗೆ ಸೇರಿಸಿ, ಗೋಡೆಯ ಗಡಿಯಾರಕ್ಕೆ ತಾಳೆ ನೋಡಿ ಅಲಾರಂ ಇಡಿ. ಪವರ್ ಬ್ಯಾಂಕ್ ಹ್ಯಾಂಡ್ ಬ್ಯಾಗ್‌ನಲ್ಲೇ ಇರಬೇಕು. ವಿಮಾನದೊಳಗೆ ಅದರಿಂದ ಚಾರ್ಜ್ ಮಾಡಲು ಹಲವು ಕಂಪನಿಗಳು ಬಿಡುವುದಿಲ್ಲ, ಹಾಗಾಗಿ ರಾತ್ರಿಯೇ ಫೋನ್ ತುಂಬಿಸಿಕೊಳ್ಳಿ. ಸಿಂಗಪುರದ ಪ್ಲಗ್‌ಗೆ ಮೂರು ಚೌಕ ಕಡ್ಡಿ, ಆಸ್ಟ್ರೇಲಿಯಾದ್ದಕ್ಕೆ ಓರೆ ಕಡ್ಡಿ. ಎರಡಕ್ಕೂ ಹೊಂದುವ ಅಡಾಪ್ಟರ್ ಬೇಕು.

ಹೊರಗೆ ಹೋಗಲೇಬೇಕು ಎನ್ನುವ ಗಟ್ಟಿ ಪ್ರಾಯದವರಿಗೆ ದಾರಿ ಇದೆ. ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್ ಮುಂತಾದ ಕೆಲವು ದೇಶಗಳ ಚಾಲ್ತಿ ವೀಸಾ ಇರುವ ಭಾರತೀಯರಿಗೆ ಸಿಂಗಪುರದಲ್ಲಿ 96 ಗಂಟೆ ವೀಸಾರಹಿತ ಪ್ರವೇಶದ ಸೌಲಭ್ಯವಿದೆ, ಬಿಡುವುದು ಬಿಡದಿರುವುದು ಅಧಿಕಾರಿಯ ಕೈಯಲ್ಲಿದೆ. ಒಂದೇ ಪ್ರವೇಶದ ವೀಸಾ ಇದ್ದರೆ ವಾಪಸು ಬರುವಾಗ ಷರತ್ತು ಬೇರೆ. ವೀಸಾದ ಮುದ್ರಿತ ಪ್ರತಿ, ಮುಂದಿನ ಟಿಕೆಟ್ ಕೈಯಲ್ಲಿರಲಿ. ಸಿಂಗಪುರದ ಒಳಗೆ ಹೋಗಲು ತುಂಬಬೇಕಾದ ಎಸ್‌ಜಿ ಅರೈವಲ್ ಕಾರ್ಡನ್ನು ಅಲ್ಲಿಗೆ ತಲುಪುವ ಹಿಂದಿನ ಮೂರು ದಿನದೊಳಗೆ ಸರ್ಕಾರಿ ತಾಣದಲ್ಲೇ ತುಂಬಿ, ಅದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ. ನಗರದಿಂದ ವಾಪಸು ಬರುವ ಮೆಟ್ರೊ ನಡುರಾತ್ರಿಗೆ ಮುಂಚೆಯೇ ನಿಲ್ಲುತ್ತದೆ, ಹತ್ತರೊಳಗೆ ಹೊರಟುಬಿಡಿ. ನಿಲ್ದಾಣಕ್ಕೆ ಹೊಂದಿಕೊಂಡ ಜ್ಯೂಯೆಲ್ ಕಟ್ಟಡದ 40 ಮೀಟರ್ ಎತ್ತರದ ಜಲಪಾತ ಇರುವುದೂ ಇಮಿಗ್ರೇಷನ್‌ನ ಹೊರಗಡೆಯೇ. ಆದರೆ ಒಳಗಿನ ಸ್ಕೈಟ್ರೈನ್ 2 ಮತ್ತು 3ನೆಯ ಟರ್ಮಿನಲ್ ನಡುವೆ ಆ ಕಟ್ಟಡದೊಳಗಿಂದಲೇ ಹಾಯುತ್ತದೆ. ಹೊರಗೆ ಹೋಗದವರೂ ಗಾಜಿನಾಚೆ ನೋಡಬಹುದು.

ಬೆಳಗ್ಗೆ ಗೇಟಿಗೆ ಒಂದು ಗಂಟೆ ಮೊದಲೇ ಹೋಗಿ. ಚಾಂಗಿಯ ಈ ಮೂರು ಟರ್ಮಿನಲ್‌ಗಳಲ್ಲಿ ಸೆಕ್ಯುರಿಟಿ ತಪಾಸಣೆ ನಡೆಯುವುದು ಗೇಟಿನ ಬಾಯಲ್ಲೇ. ರಾತ್ರಿ ತುಂಬಿಸಿಕೊಂಡ ನೀರಿನ ಬಾಟಲಿ ಅಲ್ಲಿ ಖಾಲಿ ಮಾಡಬೇಕಾಗುತ್ತದೆ, ಬೆಳಗಿನ ಮಾತ್ರೆಯನ್ನು ಅದಕ್ಕೆ ಮುಂಚೆ ನುಂಗಿಬಿಡಿ.