ಎರಡೂವರೆ ಸೆಂಟಿನ ತೋಟ

ಬದಿಯಡ್ಕದ ನಮ್ಮ ಮನೆಯ ಜಗಲಿಯಲ್ಲಿ ಮಗಳು ಲೆಕ್ಕ ಮಾಡುತ್ತಿದ್ದಳು. ಮರುದಿನ ಪರೀಕ್ಷೆ. ಅಪ್ಪ ಪಕ್ಕದಲ್ಲೇ ಕೂತು ಅಡಕೆ ಸುಲಿಯುತ್ತಿದ್ದರು. ನಾನು ಸುಮ್ನೆ ಮೊಬೈಲ್ ನೋಡುತ್ತಿದ್ದೆ.

ಒಂದು ತೋಟದ ನಕ್ಷೆ. ಅದರಲ್ಲಿ 1 ಸೆಂ.ಮೀ. ಅಂದರೆ ನೆಲದ ಮೇಲೆ 10 ಮೀಟರ್. ನಕ್ಷೆಯಲ್ಲಿ ಉದ್ದ 4 ಸೆಂ.ಮೀ., ಅಗಲ 2.5 ಸೆಂ.ಮೀ. ತೋಟದ ವಿಸ್ತೀರ್ಣ ಎಷ್ಟು?

ನಾಲ್ಕೂ ಎರಡೂವರೆಯೂ ಗುಣಿಸಿ ಹತ್ತು ಅಂದಳು. ಅದನ್ನು ಮತ್ತೆ ಹತ್ತರಿಂದ ಗುಣಿಸಿ, ನೂರು ಚದರ ಮೀಟರ್ ಅಂತ ಬರೆದು ಕೆಳಗೆ ಗೆರೆ ಎಳೆದಳು. ನನಗೂ ಸರಿ ಅಂತಲೇ ಕಂಡಿತು. ಡಿಗ್ರಿ ಮಾಡಿದವನು ನಾನು, ಹೇಳಲು ನಾಚಿಕೆ.

"ಅದು ಎಷ್ಟು ಸೆಂಟಾಯ್ತು ಮಾರಾಯ?" ಅಂದರು ಅಪ್ಪ. ಸೆಂಟು ಅಂದರೆ ಎಕ್ರೆಯ ನೂರರಲ್ಲಿ ಒಂದು ಪಾಲು, 40.47 ಚದರ ಮೀಟರ್. ಮೊಬೈಲಲ್ಲೇ ಭಾಗಿಸಿ, ಹೆಚ್ಚು ಕಡಿಮೆ ಎರಡೂವರೆ ಅಂದೆ.

ಅಪ್ಪ ಕತ್ತಿ ಕೆಳಗಿಟ್ಟು ನಕ್ಕರು. "ಎರಡೂವರೆ ಸೆಂಟಲ್ಲಿ ಎಂತ ತೋಟ? ಮನೆ ಕಟ್ಟಿದರೆ ಅಂಗಳಕ್ಕೇ ಜಾಗ ಇಲ್ಲ!"

ಗ್ರಾಫ್ ಹಾಳೆ ತೆಗೆದೆವು. ಸೆಂಟಿಮೀಟರಿನ ಒಂದು ಚೌಕ ಹಿಡಿದೆವು. ಅದರ ಉದ್ದ ನೆಲದ ಮೇಲೆ 10 ಮೀಟರ್, ಅಗಲವೂ 10 ಮೀಟರ್. ಅಂದರೆ ಆ ಒಂದೇ ಚೌಕ 100 ಚದರ ಮೀಟರ್! ಇವಳು ಇಡೀ ತೋಟ ಅಂತ ಬರೆದದ್ದು ಅಷ್ಟನ್ನೇ. ಎಂಟು ಪೂರ್ತಿ ಚೌಕ, ನಾಲ್ಕು ಅರ್ಧ ಚೌಕ. ಒಟ್ಟು ಸಾವಿರ.

ಮಕ್ಕಳಿಗೆ ನಾವು ಕಿಲೋ, ಹೆಕ್ಟೋ, ಡೆಕಾ ಅಂತ ಮೆಟ್ಟಿಲು ಬಾಯಿಪಾಠ ಮಾಡಿಸುತ್ತೇವೆ. ಒಂದು ಮೆಟ್ಟಿಲಿಗೆ ಒಂದು ಸೊನ್ನೆ. ವಿಸ್ತೀರ್ಣಕ್ಕೆ ಬಂದರೆ ಅದೇ ಮೆಟ್ಟಿಲಿಗೆ ಎರಡು ಸೊನ್ನೆ. ಯಾಕೆ ಅಂತ ಕೇಳಿದರೆ ಬಾಯಿಪಾಠದಲ್ಲಿ ಉತ್ತರ ಇಲ್ಲ, ಚೌಕದಲ್ಲಿ ಇದೆ.

ಅಷ್ಟರಲ್ಲಿ ಅಪ್ಪ ಒಳಗೆ ಹೋಗಿ ಕೆಳಗಿನ ತೋಟದ ತೀರ್ವೆ (ಭೂಕಂದಾಯ) ರಶೀದಿ ತಂದರು. ಬಾಯಲ್ಲಿ ನಾವು ಇಪ್ಪತ್ತೈದು ಸೆಂಟು ಅನ್ನುವ ಜಾಗ. ರಶೀದಿಯಲ್ಲಿ 10 ಆರ್, 12 ಚದರ ಮೀಟರ್.

"ಆರ್ ಅಂದರೆ ಎಂತ ಅಜ್ಜ?"

"ನಿನ್ನ ಒಂದು ಚೌಕವೇ ಅದು. ಹತ್ತು ಮೀಟರಿಗೆ ಹತ್ತು ಮೀಟರ್."

ಅಷ್ಟಕ್ಕೇ ಬಿಡುವ ಜನ ಅಲ್ಲ ಅವರು. ಒಂಬತ್ತು ಅಡಿಗೆ ಒಂದು ಸಸಿ ನೆಟ್ಟಿದ್ದೆ, ಎಷ್ಟು ಹಿಡಿಯಬೇಕು ಹೇಳು ಅಂದರು. ಒಂಬತ್ತು ಅಡಿ ಅಂದರೆ 2.74 ಮೀಟರ್. ಅಡಕೆಗೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹೇಳುವ ಅಂತರವೂ 2.7 ಮೀಟರೇ. ಒಂದು ಮರಕ್ಕೆ ಏಳೂವರೆ ಚದರ ಮೀಟರ್. ಮಗಳು ಮೇಲಿನ ಹನ್ನೆರಡು ಬಿಟ್ಟು ಸಾವಿರವನ್ನು ಭಾಗಿಸಿ ನೂರ ಮೂವತ್ತಮೂರು ಅಂದಳು.

"ನೆಟ್ಟದ್ದು ನೂರ ಮೂವತ್ತು. ತೋಡಿನ ಬದಿಯಲ್ಲಿ ಮೂರು ಬಿಟ್ಟಿದ್ದೆ" ಅಂದರು ಅಪ್ಪ.

ಮಗಳು ತಪ್ಪುತ್ತರ ಅಳಿಸಿ 1000 ಚದರ ಮೀಟರ್ ಅಂತ ಬರೆದಳು. ಅದರ ಕೆಳಗೆ ಪೆನ್ಸಿಲಲ್ಲಿ, ಸುಮಾರು 25 ಸೆಂಟು. ಟೀಚರ್ ಸೆಂಟಲ್ಲಿ ಕೇಳಲಿಲ್ಲ ಅಲ್ವಾ ಅಂದೆ. "ಇರಲಿ ಅಪ್ಪ, ಅಜ್ಜನಿಗೆ" ಅಂದಳು.