ಅಷ್ಟೂರಿನ ಗುಂಬಜ್ ಮೇಲೊಂದು ಬಾಲಚುಕ್ಕಿ

ಆ ಧೂಮಕೇತುವಿನ 68 ಫೋಟೊ ನನ್ನ ಹತ್ತಿರ ಇವೆ. ಚೆನ್ನಾಗಿ ಬಂದಿರೋದು ಒಂದೇ. ಅದು ಬಂದಿದ್ದು ಬೀದರ್ ಪಕ್ಕದ ಅಷ್ಟೂರಿನ ಒಬ್ಬ ಅಜ್ಜನಿಂದ.

2024ರ ಸೆಪ್ಟೆಂಬರ್ ಕೊನೆ. ಶುಚಿನ್‌ಶಾನ್–ಅಟ್ಲಾಸ್ ಧೂಮಕೇತು 27ರಂದು ಸೂರ್ಯನ ತೀರಾ ಹತ್ತಿರ, ಬುಧ ಗ್ರಹ ಇರುವಷ್ಟು ಹತ್ತಿರ ಹೋಗಿತ್ತು. ಬೆಳಗಿನ ಜಾವ ಪೂರ್ವದಲ್ಲಿ ಸುಮಾರು ಅರ್ಧ ಗಂಟೆ ಕಾಣುತ್ತೆ, ಆಮೇಲೆ ಬೆಳಕು ಹರಿಯುತ್ತೆ. ಬೆಂಗಳೂರಿನ ದೀಪಗಳ ನಡುವೆ ಅದನ್ನು ಹುಡುಕೋದಕ್ಕೆ ನನಗೆ ಮನಸ್ಸಿರಲಿಲ್ಲ. ಶುಕ್ರವಾರ ರಾತ್ರಿ ಬೀದರ್ ರೈಲು ಹತ್ತಿಬಿಟ್ಟೆ.

ಶನಿವಾರ ಕೋಟೆ ನೋಡಿದೆ, ಮಹಮೂದ್ ಗವಾನ್ ಮದರಸಾ ನೋಡಿದೆ. ಕೋಟೆ ದೊಡ್ಡದು, ನಿಜ. ಆದರೆ ನನಗೆ ಬೀದರ್ ಅಂದರೆ ಅಷ್ಟೂರೇ. ಊರಿಂದ ಪೂರ್ವಕ್ಕೆ ಮೂರ್ನಾಲ್ಕು ಕಿಲೋಮೀಟರ್. ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಂಬಜ್‌ಗಳು ಸಾಲಾಗಿ ನಿಂತಿವೆ. ಅದರಲ್ಲಿ 1461ರಲ್ಲಿ ತೀರಿಕೊಂಡ ಹುಮಾಯೂನ್ ಷಾನ ಗೋರಿಗೆ ಸಿಡಿಲು ಬಡಿದು ಅರ್ಧ ಗುಂಬಜ್ ಬಿದ್ದುಹೋಗಿದೆ. ಉಳಿದರ್ಧ ಒಡೆದ ತೆಂಗಿನ ಚಿಪ್ಪಿನ ಹಾಗೆ ಆಕಾಶಕ್ಕೆ ಬಾಯಿ ತೆರೆದುಕೊಂಡಿದೆ. ಆ ಬಾಯಿಯ ಮೇಲೆ ಧೂಮಕೇತು ಬರಬೇಕು. ನನ್ನ ಆಸೆ ಇಷ್ಟೇ ಇತ್ತು. ಎಲ್ಲಿಯದೋ ಧೂಮಕೇತು ತಂದು ಕಂಪ್ಯೂಟರಲ್ಲಿ ಅಂಟಿಸೋ ಫೋಟೊಗಳು ನನಗೆ ಹಿಡಿಸಲ್ಲ. ಅಲ್ಲಿ ನಿಂತು ನೋಡಿದ್ದೇ ಚಿತ್ರದಲ್ಲಿ ಇರಬೇಕು, ಅಲ್ವಾ?

ಭಾನುವಾರ ಬೆಳಗ್ಗೆ ಎಲ್ಲ ಹಾಳಾಯಿತು. ರಾತ್ರಿಯಿಡೀ ಲಾಡ್ಜಿನ ಏಸಿ ರೂಮಿನಲ್ಲಿ ತಣ್ಣಗಾಗಿದ್ದ ಕ್ಯಾಮೆರಾವನ್ನು ಸೀದಾ ಹೊರಗೆ ತಂದೆ. ಮಳೆಗಾಲದ ತೇವದ ಗಾಳಿ ತಾಗಿದ್ದೇ ತಡ, ಲೆನ್ಸ್ ಮೇಲೆಲ್ಲ ಮಂಜು. ಒರೆಸಿದೆ, ಮತ್ತೆ ಬಂತು. ಒರೆಸ್ತಾ ಒರೆಸ್ತಾ ಬೆಳಗಾಗಿ ಹೋಯಿತು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ರಾತ್ರಿ ಏಸಿ ಹಾಕಬೇಡಿ. ಹಾಕಲೇಬೇಕಿದ್ದರೆ ಕ್ಯಾಮೆರಾವನ್ನು ಬ್ಯಾಗಲ್ಲೇ ಮುಚ್ಚಿಟ್ಟು, ಒಂದು ಗಂಟೆ ಮುಂಚೆ ಹೊರಗೆ ತಂದಿಡಿ.

ಸೋಮವಾರಕ್ಕೆ ರಜೆ ಹಾಕಿದೆ.

ನಾಲ್ಕೂವರೆಗೆ ಗುಂಬಜ್‌ಗಳ ಪಡುವಣಕ್ಕೆ, ಬೇಲಿಯಾಚೆ ರಸ್ತೆ ಬದಿಯಲ್ಲಿ ಟ್ರೈಪಾಡ್ ಹೂಡಿದೆ. ಮಹಾಲಯ ಅಮಾವಾಸ್ಯೆಗೆ ಎರಡೇ ದಿನ ಇತ್ತು. ಗುರು ಗ್ರಹ ನೆತ್ತಿಯ ಹತ್ತಿರ ಹೊಳೀತಿತ್ತು, ಅದನ್ನೇ ನೋಡಿ ಫೋಕಸ್ ಮಾಡಿ, ಅದು ಅಲುಗದ ಹಾಗೆ ಲೆನ್ಸಿನ ರಿಂಗಿಗೆ ಟೇಪ್ ಅಂಟಿಸಿದೆ. 50 ಎಂಎಂ ಲೆನ್ಸ್, ಐಎಸ್ಒ (ಬೆಳಕು ಹಿಡಿಯೋ ಸೂಕ್ಷ್ಮತೆ) 1600, ಶಟರ್ ನಾಲ್ಕು ಸೆಕೆಂಡ್. ಅದಕ್ಕಿಂತ ಜಾಸ್ತಿ ತೆರೆದಿಟ್ಟರೆ ಭೂಮಿ ತಿರುಗೋದರಿಂದ ಚುಕ್ಕಿಗಳು ಗೆರೆ ಆಗಿಬಿಡುತ್ತವೆ.

ಐದು ದಾಟಿತ್ತು. ಗೆರೆಯಂಥ ಚಂದ್ರನ ಕೆಳಗೆ, ಬಲಕ್ಕೆ, ಮಸುಕಾಗಿ ಕಂಡಿತು. ಕೆಳಗೊಂದು ಚುಕ್ಕಿ, ಅದರಿಂದ ಮೇಲಕ್ಕೆದ್ದ ತೆಳು ಹೊಗೆ. ಎದೆ ಹೊಡ್ಕೊಳ್ತಾ ಇತ್ತು. ಶಟರ್ ಒತ್ತಿದೆ. ಅಷ್ಟರಲ್ಲೇ ಹಿಂದಿನಿಂದ ಬ್ಯಾಟರಿ ಬೆಳಕು ಬಿತ್ತು.

"ಯಾರ್ರೀ ಅದು? ಇಷ್ಟೊತ್ತಿನ್ಯಾಗ ಏನ್ ಮಾಡ್ಲಾಕತ್ತೀರಿ?"

ಫ್ರೇಮು ಹಾಳಾಯಿತು ಅಂತ ಸಿಟ್ಟು ಬಂದಿತ್ತು. ವಾಪಸ್ ರೈಲಿನಲ್ಲಿ ನೋಡುವಾಗ ಗೊತ್ತಾಯಿತು, ಆ ಒಂದು ಕ್ಷಣದ ಬೆಳಕು ಒಡೆದ ಗುಂಬಜ್‌ನ ಅಂಚನ್ನು ಸವರಿಕೊಂಡು ಹೋಗಿದೆ. ಉಳಿದ 67ರಲ್ಲಿ ಗುಂಬಜ್ ಬರೀ ಕರಿ ನೆರಳು. ಇದೊಂದರಲ್ಲಿ ಕಲ್ಲು ಕಲ್ಲೂ ಕಾಣುತ್ತೆ.

ಕೂಗಿದ್ದು ಒಬ್ಬ ಅಜ್ಜ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಬೆಳೆಗೆ ಹಂದಿ ಬೀಳದ ಹಾಗೆ ಕಾಯೋಕೆ ಹೊಲದಲ್ಲೇ ಮಲಗಿದ್ದನಂತೆ. "ಬಾಲಚುಕ್ಕಿ ಬಂದಿದೆ ಅಜ್ಜಾ" ಅಂದು ಕ್ಯಾಮೆರಾ ಪರದೆ ತೋರಿಸಿದೆ. ಉಗುರಲ್ಲಿ ಮಣ್ಣಿದ್ದ ಬೆರಳನ್ನು ಪರದೆಗೆ ತಾಗಿಸದೆ, ಒಂದಿಂಚು ದೂರದಿಂದಲೇ ಬಾಲದ ಉದ್ದಕ್ಕೂ ಎಳೆದ.

"ಇದು ಕಸಬಾರಿಗಿ ಚುಕ್ಕಿ. ನಾ ಸಣ್ಣವ ಇದ್ದಾಗ ಬಂದಿತ್ತು. ಇದಕಿಂತ ಭಾಳ ದೊಡ್ಡದು. ಪಾಕಿಸ್ತಾನದ ಲಡಾಯಿ ಆಗೇ ಮುಗಿದಿತ್ತು. ಮಳಿ ಇರ್ಲಿಲ್ಲ. ನಮ್ಮವ್ವ ಅಂಗಳದಾಗ ನಿಂತು ಕೈ ಮುಗದ್ಳು. ಮನ್ಯಾಗಿನ ಜ್ವಾಳ ಗುಡಿಸಿಕೊಂಡು ಹೋಗಬ್ಯಾಡವ್ವಾ ಅಂದ್ಳು."

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 1965ರ ಯುದ್ಧ, ಅದೇ ವರ್ಷದ ಬರ. ಆ ಅಕ್ಟೋಬರಿನಲ್ಲಿ ಸೂರ್ಯನನ್ನು ಸವರಿಕೊಂಡೇ ಹೋಗಿದ್ದ ಇಕೆಯಾ–ಸೆಕಿ ಧೂಮಕೇತು! ಅದರ ಬಗ್ಗೆ ಎಷ್ಟು ಓದಿದ್ದೆ. ಕಣ್ಣಾರೆ ಕಂಡವರು ಸಿಕ್ಕಿದ್ದು ಅವತ್ತೇ ಮೊದಲು. ಕ್ಯಾಮೆರಾ ಮರೆತುಬಿಟ್ಟೆ. ಬಾಲ ಎಷ್ಟು ಉದ್ದ ಇತ್ತು, ಯಾವ ದಿಕ್ಕು, ಎಷ್ಟು ದಿನ ಕಂಡಿತು ಅಂತ ಕೇಳ್ತಾನೇ ಹೋದೆ. ಅವನು ಕೋಲು ಚಾಚಿ, ಆಕಾಶದ ಅಂಚಿಂದ ಮೇಲಕ್ಕೆ ನಿಧಾನವಾಗಿ ಎತ್ತಿ ತೋರಿಸಿದ.

"ಜ್ವಾಳ ಉಳೀತಾ ಅಜ್ಜಾ?"

"ಎಲ್ಲಿ ಉಳೀಬೇಕು ತಮ್ಮಾ. ಚುಕ್ಕಿ ಏನ್ ಮಾಡ್ತದ? ಮಳೀನೇ ಬರ್ಲಿಲ್ಲ."

ದುರ್ಬೀನು ಕೊಟ್ಟೆ. ಮೊದಲು ಏನೂ ಸಿಗಲಿಲ್ಲ. ಚಂದ್ರನಿಂದ ಕೆಳಗೆ, ಬಲಕ್ಕೆ ಇಳಿಸಿ ಅಂದೆ. ಸಿಕ್ಕಾಗ ಅವನ ಉಸಿರು ನಿಂತಿದ್ದು ನನಗೆ ಕೇಳಿಸಿತು.

"ಮತ್ತ ಯಾವಾಗ ಬರ್ತದ?"

ತುಂಬ ತುಂಬ ದೂರದಿಂದ ಬಂದಿದೆ, ಮತ್ತೆ ಬರದೇ ಹೋಗಬಹುದು ಅಂದೆ. ಅಜ್ಜ ಬ್ಯಾಟರಿ ಆರಿಸಿ ಜೇಬಿಗೆ ಹಾಕಿದ. ಕಂಬಳಿ ಹಾಸಿ ರಸ್ತೆ ಬದಿಯಲ್ಲೇ ಕೂತ.

"ಹಂಗಾದ್ರ ಕೂಡು ತಮ್ಮಾ. ಹೋಗೂತನಾ ನೋಡೂಣು."